ಮಂಚದ ಬದಿಯ ಗೋಡೆ

ಹಳೆಯ ಬಣ್ಣ ಕೆರೆದರೆ ಅದು ಕೇಳಿಸಿಕೊಂಡಿದ್ದ ಮಾತು ಹೊರಬೀಳುವುದು ಹುಬ್ಬಳ್ಳಿಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಪೇಂಟರ್ ಇಮಾಮಸಾಬ ಕಿವಿಗೆ ಹತ್ತಿ ಇಟ್ಟುಕೊಂಡೇ ಕೆಲಸಕ್ಕೆ ನಿಲ್ಲುತ್ತಿದ್ದ.

ಶಕುಂತಲಾಳ ತೀರಿಹೋದ ಅತ್ತೆಯ ಕೋಣೆ ಇನ್ನು ಹೊಸ ಸೊಸೆ ನಿವೇದಿತಾಳದು. ಇಬ್ಬರೂ ಅಲ್ಲೇ ನಿಂತು ಶೇಡ್ ಕಾರ್ಡ್ ನೋಡುತ್ತಿದ್ದರು.

“ಗಿಳಿಹಸಿರು ಚಲೋ ಕಾಣ್ತದ ಅಲ್ರೀ, ಅತ್ತ್ಯಾರ? ಹೊಳಪು ಬ್ಯಾಡ, ಮ್ಯಾಟ್ ಇರ್ಲಿ,” ಎಂದಳು ನಿವೇದಿತಾ.

ಅಷ್ಟರಲ್ಲಿ ಇಮಾಮಸಾಬ ಕೆರೆಯುತ್ತಿದ್ದ ಮಂಚದ ಬದಿಯ ಗೋಡೆಯಿಂದ ಒಂದು ಹೆಣ್ಣುದನಿ ಎದ್ದಿತು: “ಎಷ್ಟ ಸಲ ನೀರ ಕೇಳ್ತಿ? ಸಾಯವಲ್ಲಿ, ನನ್ನ ಬಿಡವಲ್ಲಿ!”

ನಿವೇದಿತಾ ಕಾರ್ಡು ಕೆಳಗಿಳಿಸಿದಳು. “ಯಾರ್ರೀ ಅದು?”

ಮೊದಲು ಬಾಡಿಗೆಗಿದ್ದವರು ಎಂದು ಸುಳ್ಳು ಹೇಳಬಹುದಿತ್ತು. ಶಕುಂತಲಾಳ ಮುಖ ಕಿವಿಯವರೆಗೂ ಬಿಸಿಯಾಯಿತು. “ನಾನ. ನಮ್ಮ ಅತ್ತ್ಯಾರಿಗೆ ಅಂದದ್ದು.”

ಇಮಾಮಸಾಬ ಕೆರೆಯುತ್ತಲೇ ಇದ್ದ. ಮುಂದಿನ ಗೀರಿಗೆ ಮುದುಕಿಯ ಮೆಲುದನಿ ಬಂತು: “ಬ್ಯಾಡ ಬಿಡವ್ವಾ. ನೀ ಉಂಡಿ ಏನು?”

ಆ ದಿನ ಶಕುಂತಲಾ ಉತ್ತರ ಕೊಡದೆ ಬಾಗಿಲೆಳೆದುಕೊಂಡು ಹೋಗಿದ್ದಳು. ಈಗ ಸೊಸೆಯ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿದಳು.

“ಉಂಡೀನ್ರೀ, ಅತ್ತ್ಯಾರ,” ಎಂದಳು.