ಸಪ್ಪೆ ಕಂತಿನ ಹಸಿವು

ಧಾರಾವಾಹಿಯ ದೆವ್ವಕ್ಕೆ ನಮ್ಮ ಹೆದರಿಕೆಯೇ ಊಟ. ಕಂತು ಸಪ್ಪೆಯಾದ ದಿನ ಅವಳು ಹಸಿದು ಟಿವಿಯಿಂದ ಹೊರಬರುತ್ತಾಳೆ, ಎದುರಿಗಿದ್ದವರು ಹೆದರುವ ತನಕ ಬಡಿಯುತ್ತಾಳೆ. ಟಿವಿ ಆರಿಸಿದ ಮನೆಗೇ ಮೊದಲು ನುಗ್ಗುತ್ತಾಳೆ. ಕಿರುಚಾಟ ಕೇಳಿಬರುವ ಮನೆಯನ್ನು ಬಿಟ್ಟುಬಿಡುತ್ತಾಳೆ. ಅದಕ್ಕೇ ನಮ್ಮ ಓಣಿಯವರು ಸಂಜೆ ಏಳಕ್ಕೆ ಉಪ್ಪುನೀರು ಮುಕ್ಕಳಿಸಿ, ಗಂಟಲು ಸರಿಮಾಡಿಕೊಂಡು ಟಿವಿ ಮುಂದೆ ಕೂಡುತ್ತಾರೆ.

ಇವತ್ತಿನದು ಸತತ ಮೂರನೇ ಸಪ್ಪೆ ಕಂತು. ಬಾಗಿಲು ಕಿರ್ರೆಂದಿತು, ಬೆಕ್ಕು ಹಾರಿತು, ಉಳಿದದ್ದೆಲ್ಲ ಹಳೇ ತುಣುಕು. ಬರೆದವನ ಕೈ ಸೇದಿಹೋಗಲಿ!

"ಒದರಬೇ ಸಾವಂತ್ರಿ, ಜೋರಾಗಿ ಒದರ!" ಎಂದು ಪಕ್ಕದ ಮನೆಯ ನೀಲವ್ವ ಗೋಡೆಯಾಚೆಯಿಂದ ಕೂಗಿದಳು. ಓಣಿಯೆಲ್ಲ ಕಿರುಚುತ್ತಿತ್ತು. ನನ್ನ ಗಂಟಲಿಂದ ಮಾತ್ರ ದನಿ ಹೊರಡಲಿಲ್ಲ. ನಿನ್ನೆ ಗಂಡ ಹಿಸುಕಿದ್ದು ಇನ್ನೂ ಬಾತುಕೊಂಡಿತ್ತು.

ದೆವ್ವ ನಮ್ಮ ಟಿವಿಯಿಂದಲೇ ಇಳಿದಳು. ಜಡೆ ಹಿಡಿದು ನನ್ನ ತಲೆಯನ್ನು ಕಪಾಟಿಗೆ ಬಡಿದಳು. ಹಲ್ಲೊಂದು ಉದುರಿತು. ಕಿರುಬೆರಳನ್ನು ಹಿಂದಕ್ಕೆ ಮಡಚಿ ಲಟಕ್ಕನೆ ಮುರಿದಳು. ನೋವಾಯಿತು, ಹೆದರಿಕೆ ಬರಲಿಲ್ಲ. ಇಂಥ ಪೆಟ್ಟು ನನಗೆ ಹೊಸದಲ್ಲ.

"ಅಂಜಬೇ!" ಎಂದು ಅವಳು ಅಳುವ ದನಿಯಲ್ಲಿ ಚೀರಿದಳು. "ಮೂರು ದಿನಾತು, ಏನೂ ಉಂಡಿಲ್ಲ."

ಆಗ ಹೊರಗೆ ಗಂಡನ ಬೈಕು ಬಂದು ನಿಂತಿತು. ಗೇಟಿನ ಚಿಲಕದ ಸದ್ದಾದದ್ದೇ ತಡ, ನನ್ನ ಕೈಕಾಲು ಗಡಗಡ ನಡುಗಿದವು. ದೆವ್ವ ನನ್ನ ಜಡೆ ಬಿಟ್ಟಳು. ಹೊಟ್ಟೆ ತುಂಬ ಉಂಡವಳಂತೆ ತೇಗಿ, ತುಟಿ ಒರೆಸಿಕೊಂಡು, ಟಿವಿಯತ್ತ ತಿರುಗಿದಳು.

ನಾನು ಬೆರಳು ಮುರಿದ ಕೈಯಲ್ಲೇ ಅವಳ ಸೆರಗು ಹಿಡಿದೆ.

"ಒಳಗ ಹೋಗಬ್ಯಾಡಬೇ," ಎಂದೆ. "ಇವತ್ತೊಂದಿನ ಇಲ್ಲೇ ಇರ."