ಶಿವಸ್ವಾಮಿಯ ಸುತ್ತುದಾರಿ

ಆ ದಿನವೂ ಶಿವಸ್ವಾಮಿ ಬಾಳೆಗೊನೆಯ ಲೋಡು ಬೇಡವೆಂದ. ಹಗುರ ಸರಕು, ನೇರ ದಾರಿ, ಟಿ. ನರಸೀಪುರಕ್ಕೆ ಹೋಗಿ ಊಟದ ಹೊತ್ತಿಗೆ ವಾಪಸು ಬರಬಹುದಿತ್ತು. ಅದನ್ನು ಬಿಟ್ಟು ಲಾರಿಗೆ ಚಪ್ಪಡಿ ಕಲ್ಲು ಹೇರಿಸಿದ.

“ಬಾಳೆಕಾಯ್ಗೆ ಗಾಡಿ ಕುಣೀತದೆ ಮಾವ. ಭಾರ ಇದ್ರೇನೇ ಚೆಂದ. ದೇವ್ನೂರ್ ಮ್ಯಾಲೇ ಓಯ್ತೀನಿ.”

ನಂಜನಗೂಡಿನ ಶಂಭುಲಿಂಗಪ್ಪನಿಗೆ ಇದ್ದದ್ದು ಒಂದು ಲಾರಿ, ಒಬ್ಬಳು ಮಗಳು. ಎರಡನ್ನೂ ತಂಗಿಯ ಮಗ ಶಿವಸ್ವಾಮಿಯ ಕೈಗೇ ಒಪ್ಪಿಸುವುದೆಂದು ತೀರ್ಮಾನವಾಗಿತ್ತು. ಬರುವ ಸೋಮವಾರ ರಮ್ಯಳ ನಿಶ್ಚಿತಾರ್ಥ.

ಆದರೆ ಸುಗ್ಗಿ ಶುರುವಾದಾಗಿನಿಂದ ಹುಡುಗನ ವರಸೆಯೇ ಬೇರೆ. ಯಾವ ಗಿರಾಕಿ ಬಂದರೂ ಮೊದಲು ಭಾರ ಎಷ್ಟೆಂದು ಕೇಳುತ್ತಿದ್ದ. ಹತ್ತಿ, ಬುಟ್ಟಿ ಎಂದರೆ ಮೂಗು ಮುರಿಯುತ್ತಿದ್ದ. ಇಟ್ಟಿಗೆ ಎಂದರೆ ಮುಖ ಅರಳುತ್ತಿತ್ತು. ಎಲ್ಲಿಗೆ ಹೊರಟರೂ ದೇವನೂರು ಸುತ್ತಿಯೇ ಹೋಗುತ್ತಿದ್ದ. ತಡವಾಗಿ ಬರುತ್ತಿದ್ದ, ಹೊಟ್ಟೆ ತುಂಬಿಸಿಕೊಂಡು ಬರುತ್ತಿದ್ದ, ತಲೆಗೂದಲಲ್ಲಿ ಹುಲ್ಲು ಸಿಕ್ಕಿಸಿಕೊಂಡು ಬರುತ್ತಿದ್ದ. ಆ ಹುಲ್ಲನ್ನು ಮೊದಲು ಕಂಡವಳು ಶಂಭುಲಿಂಗಪ್ಪನ ಹೆಂಡತಿ ಸಾಕಮ್ಮ.

“ಉಲ್ಲಿನ್ ಮೆದೇಲಿ ಗಂಡಸ್ರು ಒಬ್ರೇ ಉಳ್ಳಾಡಾಕಿಲ್ಲ ಕಣ್ರೀ,” ಎಂದಿದ್ದಳು.

ಮಗಳ ಬಾಳು ನೆನೆದು ಶಂಭುಲಿಂಗಪ್ಪನಿಗೆ ಸಂಕಟವಾಯಿತು. ಸ್ಕೂಟರ್ ಹತ್ತಿ ಲಾರಿಯ ಬೆನ್ನು ಹಿಡಿದ.

ದೇವನೂರಿನ ತಿರುವಿನಾಚೆ ಲಾರಿ ಮರೆಯಾಗಿ ನಿಂತ ಸದ್ದಾಯಿತು. ಈತ ಹುಣಸೆಮರದ ಹಿಂದೆ ನಿಂತು ಕಿವಿಗೊಟ್ಟ. ಹೆಣ್ಣಿನ ದನಿ.

“ಬೆಳಿಗ್ಗೆಯಿಂದ ಆಸ್ಬುಟ್ಟು ಕಾಯ್ತಾ ಕುಂತಿವ್ನಿ. ಈಗ್ಲಾ ಬರಾದು?”

“ಬಂದ್ನಲ್ಲ ಜವರಮ್ಮ. ವಸಿ ತಾಳು.”

ಹಾಸಿಬಿಟ್ಟು ಕಾಯುತ್ತಿದ್ದಾಳಂತೆ. ಶಂಭುಲಿಂಗಪ್ಪನಿಗೆ ಪಿತ್ತ ನೆತ್ತಿಗೇರಿತು. ನಿಶ್ಚಿತಾರ್ಥ ಮುರಿದು, ಹುಡುಗನ ಕೈಯಿಂದ ಲಾರಿಯ ಕೀ ಕಿತ್ತುಕೊಳ್ಳುವುದೆಂದು ಸ್ಕೂಟರನ್ನು ತಿರುವಿಗೆ ನುಗ್ಗಿಸಿದ. ಚಕ್ರ ಜಾರಿತು. ಮೆತ್ತಗಿನ ಯಾವುದರ ಮೇಲೋ ಮಗುಚಿ ಬಿದ್ದ.

ರಸ್ತೆಯುದ್ದಕ್ಕೂ ಕೊಯ್ದ ರಾಗಿ ಪೈರು ಹಾಸಿತ್ತು. ಅವನದೇ ಲಾರಿ, ಚಪ್ಪಡಿಯ ಭಾರ ಹೊತ್ತು, ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತ ಊರವರ ರಾಗಿ ಒಕ್ಕುತ್ತಿತ್ತು. ಪೊರಕೆ ಹಿಡಿದ ಬೊಚ್ಚುಬಾಯಿಯ ಮುದುಕಿ ಜವರಮ್ಮ ಹತ್ತಿರ ಬಂದು ಬಗ್ಗಿ ನೋಡಿದಳು.

“ಸ್ಕೂಟ್ರುಗೆಲ್ಲ ಕಾಳು ಉದುರಾಕಿಲ್ಲ ಸಾ. ಭಾರದ್ ಗಾಡಿನೇ ಬೇಕು.”

ನಿಶ್ಚಿತಾರ್ಥದ ಚಿಂತೆ ಕಳೆಯಿತು. ಆದರೆ ತಲೆ ತುಂಬ ಹುಲ್ಲು ಹೊತ್ತು ಎದ್ದು ಕೂತ ಶಂಭುಲಿಂಗಪ್ಪನಿಗೆ ಮನೆಯಲ್ಲಿರುವ ಸಾಕಮ್ಮ ನೆನಪಾದಳು.