ಆಕಾಶಕ್ಕೆ ಅಡ್ಡ ಹಿಡಿದ ರಟ್ಟು

ಸೂರ್ಯ ಮುಳುಗಿದ ಮೇಲೆ ತಮ್ಮನಿಗೆ ನೆನಪಾಯಿತು, ಲೆನ್ಸಿನ ಮುಂದೆ ಹಾಕುವ, ಮೇಲರ್ಧ ಕಪ್ಪಾಗಿರುವ ಗಾಜು ಸ್ಟುಡಿಯೋದ ಮೇಜಿನ ಮೇಲೆಯೇ ಉಳಿದಿದೆ ಎಂದು. ಆ ಗಾಜಿಲ್ಲದೆ ಕ್ಯಾಮೆರಾವನ್ನು ಈ ಮಬ್ಬಿಗೆ ಬೇಕಾದಷ್ಟು ಹೊತ್ತು ತೆರೆದಿಟ್ಟರೆ ಕೆಳಗಿನ ಬಂಡೆಗಳೇನೋ ಬರುತ್ತವೆ, ಮೇಲಿನ ಆಕಾಶ ಮಾತ್ರ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ನಾಳೆ ಬರೋಣ ಎನ್ನುವಂತಿರಲಿಲ್ಲ. ಎದುರಿಗಿದ್ದ ಹಳೆಯ ಅಲೆತಡೆ ಗೋಡೆಯನ್ನು ಬೆಳಿಗ್ಗೆಯೇ ಒಡೆಯುವವರಿದ್ದರು. ಅದರ ಕೊನೆಯ ಚಿತ್ರ ಬಂದರು ಕಚೇರಿಗೆ ಬೇಕಾಗಿತ್ತು.

"ಅಪ್ಪ ರಟ್ಟು ಹಿಡೀತಿದ್ರಲ್ಲ," ಎಂದು ಅಕ್ಕ ಚೀಲದಿಂದ ಕರಿ ರಟ್ಟೊಂದನ್ನು ಎಳೆದಳು. ಲೆನ್ಸಿನ ಮೇಲರ್ಧಕ್ಕೆ ಅದನ್ನು ಅಡ್ಡ ಹಿಡಿದು ಆಕಾಶದ ಬೆಳಕನ್ನಷ್ಟೇ ತಡೆಯುವುದು ಅಪ್ಪನ ಕಾಲದ ಉಪಾಯ.

ತಮ್ಮ ಅವಳ ಕೈಯಿಂದ ರಟ್ಟನ್ನು ತೆಗೆದುಕೊಂಡ. ತೆಗೆದುಕೊಂಡ ರೀತಿಯಲ್ಲಿ ಬಹಳ ಮೃದುತ್ವವಿತ್ತು. ಅವಳಿಗೆ ಸೇರದ್ದೇ ಅದು. ಕಳೆದ ಚಳಿಗಾಲದಿಂದ ಅವಳ ಬಲಗೈ ನಡುಗುತ್ತಿತ್ತು. ಅವಳು ತೆಗೆದ ಒಂದು ಮದುವೆಯ ಚಿತ್ರಗಳಲ್ಲಿ ಬೀಗರ ಕಡೆಯವರೆಲ್ಲ ಒಬ್ಬರೂ ಬಿಡದಂತೆ ಅಲುಗಿಹೋದ ಮೇಲೆ ತಮ್ಮ ಅವಳನ್ನು ಕೌಂಟರಿನಲ್ಲಿ ಕೂರಿಸುವ ಮಾತೆತ್ತಿದ್ದ. ಈ ಚಿತ್ರ ನಾನೇ ತೆಗೆಯುತ್ತೇನೆ, ಕೆಟ್ಟರೆ ನಾಳೆಯಿಂದ ನಗುನಗುತ್ತಾ ಕೌಂಟರಿನಲ್ಲಿ ಕೂರುತ್ತೇನೆ ಎಂದು ಹೇಳಿಯೇ ಅಕ್ಕ ಮನೆ ಬಿಟ್ಟಿದ್ದಳು. ನಗುನಗುತ್ತಾ ಎನ್ನುವುದನ್ನು ತಮ್ಮ ನಂಬಿರಲಿಲ್ಲ.

ಮೊದಲು ನಾನೊಂದು ತೆಗೆದಿಡುತ್ತೇನೆ, ಭದ್ರತೆಗೆ ಎಂದ. ಉಸಿರು ಬಿಗಿಹಿಡಿದು, ರಟ್ಟನ್ನು ಕೂದಲೆಳೆಯಷ್ಟೂ ಅಲುಗಿಸದೆ ನಿಂತ. ಪರದೆಯ ಮೇಲೆ ಅಲೆಗಳು ಹಿಂಜಿದ ಹತ್ತಿಯಾಗಿದ್ದವು, ಗೋಡೆ ಗಂಭೀರವಾಗಿತ್ತು. ಆದರೆ ಆಕಾಶಕ್ಕೂ ಕಡಲಿಗೂ ನಡುವೆ ಸ್ಕೇಲಿಟ್ಟು ಎಳೆದಂಥ ಕಪ್ಪು ಗೆರೆ. ಇನ್ನೊಮ್ಮೆ ತೆಗೆದ. ಗೆರೆ ಇನ್ನೂ ನೆಟ್ಟಗೆ ಬಂತು. ಅಕ್ಕ ಪರದೆಯ ಮೇಲೊಮ್ಮೆ ಕಣ್ಣಾಡಿಸಿ ರಟ್ಟನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಬೆಳಕು ಇನ್ನೊಂದೇ ಸಲಕ್ಕಾಗೋದು. ಸರಿ ಆಚೆ."

"ಅಕ್ಕ, ನನ್ನ ಕೈಲೇ ಆಗಲಿಲ್ಲ..."

"ಅದು ನಿನ್ನ ಕೈ."

ಕ್ಯಾಮೆರಾದ ಮುಕ್ಕಾಲಿಯ ಕಾಲುಗಳನ್ನು ಮರಳಿಗೆ ಒತ್ತಿದಳು. ನಡುಕ ಕ್ಯಾಮೆರಾಕ್ಕೆ ಹತ್ತದಿರಲೆಂದು ಶಟರಿನ ತಂತಿಯನ್ನು ಸಡಿಲ ಬಿಟ್ಟು, ಅದರ ತುದಿಯ ಗುಂಡಿಯನ್ನು ಎಡಗೈಯಿಂದ ಒತ್ತಿದಳು. ಬಲಗೈಯ ರಟ್ಟು ಲೆನ್ಸಿನ ಮುಂದೆ ಗಡಗಡ ನಡುಗತೊಡಗಿತು. ತಮ್ಮ ಮೊಣಕೈಗೆ ಆಸರೆ ಕೊಡಲು ಬಂದ. ಮುಟ್ಟಿದರೆ ಜಾಗ್ರತೆ ಎಂದಳು. ಅಲೆಯೊಂದು ಬಂದು ಅವಳ ಚಪ್ಪಲಿಯಲ್ಲಿ ಒಂದನ್ನು ಎಳೆದುಕೊಂಡು ಹೋಯಿತು. ಅವಳು ಕಾಲೆತ್ತಲಿಲ್ಲ. ನೋಡಲಾರದೆ ತಮ್ಮ ಕಡಲಿನ ಕಡೆ ತಿರುಗಿ, ಮನೆಗೆ ಹೋಗುವಾಗ ಹೇಳಬೇಕಾದ ಸಮಾಧಾನದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸತೊಡಗಿದ.

ಮಾತುಗಳು ದಂಡವಾದವು. ಪರದೆಯಲ್ಲಿ ಗೆರೆಯ ಸುಳಿವೇ ಇರಲಿಲ್ಲ. ಆಕಾಶ ಎಲ್ಲಿ ಮುಗಿಯಿತು, ಕಡಲು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸುವಂತಿರಲಿಲ್ಲ; ನಡುವೆ ಗೋಡೆಯೊಂದೇ ನಿಂತಿತ್ತು.

"ಅಲ್ಲಾಡದ ರಟ್ಟಿನ ಅಂಚು ಚಿತ್ರದಲ್ಲಿ ಕೂತುಬಿಡತ್ತೆ ಕಣೋ. ಅದಕ್ಕೇ ಅಪ್ಪ ಅದನ್ನ ಆಡಿಸ್ತಾನೇ ಇರ್ತಿದ್ರು. ನೀನು ಸೊಳ್ಳೆ ಓಡಿಸ್ತಿದ್ದಾರೆ ಅಂದ್ಕೊಂಡಿದ್ದೆಯಾ?"

"ಮೊದಲೇ ಹೇಳೋದಲ್ವಾ?"

"ಕೌಂಟರಲ್ಲಿ ಕೂರೋರನ್ನ ಯಾರಪ್ಪ ಕೇಳ್ತಾರೆ?"

ತಮ್ಮ ಫ್ಲಾಸ್ಕಿನಿಂದ ಚಹಾ ಬಗ್ಗಿಸಿದ. ಅರ್ಧ ಲೋಟ ಸಾಕು, ಮಿಕ್ಕಿದ್ದು ಹೇಗೂ ಮರಳಿಗೇ ಎಂದಳು. ಮುಂದಿನ ಮದುವೆಗೂ ಮುಕ್ಕಾಲಿ ಹೊತ್ತುಕೊಂಡೇ ಬರುತ್ತೇನೆ, ಬೀಗರು ಬೇಕಾದರೆ ಅಲುಗಾಡಲಿ, ನನ್ನ ಕ್ಯಾಮೆರಾ ಅಲುಗುವುದಿಲ್ಲ ಎಂದೂ ಸೇರಿಸಿದಳು. ಅವನು ಬೇಡವೆನ್ನಲಿಲ್ಲ.

ಮುಕ್ಕಾಲಿ ಮಡಚುವ ಮೊದಲು ಅವನು ರಟ್ಟನ್ನು ಎತ್ತಿ, ಅವಳ ಹಾಗೆಯೇ ನಡುಗಿಸಿ ನೋಡಿದ. ಆಡಿಸಿದರೆ ಕೈ ಆಡುತ್ತಿತ್ತು, ಸಾಕೆಂದರೆ ನಿಲ್ಲುತ್ತಿತ್ತು. ಮತ್ತೆ ಆಡಿಸಿದ, ಮತ್ತೆ ನಿಂತಿತು. ಪಕ್ಕದಲ್ಲಿ ಅಕ್ಕನ ಕೈಯ ಖಾಲಿ ಲೋಟ ಆಡುತ್ತಲೇ ಇತ್ತು.